ಐದನೆಯ ಪದ

ಚಿಕ್ಕಪಡಸಲಗಿ,
೧೨ ಆಗಸ್ಟ್ ೨೦೧೨

ಚಿ. ಭಾಗ್ಯಾಳಿಗೆ,

ನಿನ್ನ ದೊಡ್ಡಪ್ಪ ಲಗಮಣ್ಣನ ಆಶೀರ್ವಾದ. ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ನಿಮ್ಮವ್ವ ಸೋಮವ್ವನ ಮೊಣಕಾಲು ಮಾತ್ರ ನೆಟ್ಟಗಿಲ್ಲ. ಆದರೂ ಎಮ್ಮೆಯ ಕೆಚ್ಚಲಿಗೆ ಬೇರೆಯವರ ಕೈ ಹತ್ತಗೊಡುವುದಿಲ್ಲ. ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡವಾದದ್ದು ನನ್ನ ತಪ್ಪು. ಅಕ್ಷರ ಸೊಟ್ಟಗಿರುವುದು ಚಾಳೀಸಿನ ತಪ್ಪು, ಅದರ ನಂಬರು ನನ್ನ ಕಣ್ಣಿಗೆ ಕೂಡುವುದಿಲ್ಲ. ಆ ಕಥೆ ಮುಂದೆ ಬರೆಯುತ್ತೇನೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ನೀನು ಮಾಸ್ತರಿಕೆ ಕಲಿಯುವವಳು. ಓದುವಾಗ ಕೆಂಪು ಗೆರೆ ಎಳೆಯಬೇಡ, ನನಗೆ ಸಿಟ್ಟು ಬರುತ್ತದೆ.

ಫೋನ್ ಮಾಡು ಎಂದು ಬರೆದಿದ್ದೀ. ಅರ್ಧ ಕೇಳಿಸುವ ಮಾತನ್ನು ನಾನು ನಂಬುವುದಿಲ್ಲ. ಅದಕ್ಕೇ ಕಾಗದ.

ನೀನು ಹೇಳಿದ ಕೆಲಸ ಸಣ್ಣದು. ಕೆಟ್ಟದ್ದನ್ನು ಸರಿಮಾಡಲು ನಮ್ಮ ಜನ ಆಡುವ ಇಂಗ್ಲಿಷ್ ಪದ ಐದು. ಒಂದೊಂದಕ್ಕೆ ಊರಿನ ಒಂದೊಂದು ಉದಾಹರಣೆ. ಬರುವ ಇಪ್ಪತ್ತನೇ ತಾರೀಕು ಸೋಮವಾರ ಮುಧೋಳದ ನಿನ್ನ ಕಾಲೇಜಿನಲ್ಲಿ ನಲವತ್ತು ಮಂದಿಯ ಮುಂದೆ ಅದನ್ನೇ ಪಾಠ ಮಾಡಿ ತೋರಿಸಬೇಕು. ನಾಲ್ಕು ಪದಕ್ಕೆ ನನ್ನನ್ನು ಕೇಳಿದ್ದೀ. ಐದನೆಯದು ಕ್ಲಿಯರ್. ಅದಕ್ಕೆ ನೀನೇ ಬರೆದುಕೊಂಡಿದ್ದೀ: ‘ಲೈನ್ ಕ್ಲಿಯರ್ ಕೇಳದೆ ಕಂಬ ಹತ್ತಿ ನಮ್ಮ ತಂದೆ ತೀರಿಕೊಂಡರು. ಮಕ್ಕಳೇ, ಕೇಳದೆ ಯಾವುದನ್ನೂ ಮುಟ್ಟಬೇಡಿ.’

ಆ ಸಾಲು ಓದಿ ಪತ್ರ ಮಡಚಿ ಗೋಡೆಯ ಮಾಡದಲ್ಲಿಟ್ಟೆ. ಮೂರು ವಾರ ಅಲ್ಲೇ ಇತ್ತು. ನಿಮ್ಮವ್ವ ದಿನಾ ಕೇಳುತ್ತಿದ್ದಳು, “ಬಾವಾರ, ಹುಡುಗಿಗೆ ಉತ್ತರಾ ಬರದ್ರೇನ್ರಿ?” ನಾನು ಅವಳ ಮೇಲೆ ರೇಗುತ್ತಿದ್ದೆ.

ಇರಲಿ. ರಿಪೇರಿ ನನ್ನ ಹೊಟ್ಟೆಪಾಡು. ನಲವತ್ತು ವರ್ಷದಿಂದ ಹೊಳೆದಂಡೆಯ ಮೋಟರುಗಳ ಸುಟ್ಟ ತಂತಿ ಬಿಚ್ಚಿ ಹೊಸದು ಸುತ್ತುತ್ತಿದ್ದೇನೆ. ಸುಟ್ಟದ್ದನ್ನು ಒಳಗೇ ಬಿಟ್ಟು ಮೇಲೆ ಸುತ್ತಿದರೆ ಅದು ರಿಪೇರಿಯಲ್ಲ, ಕಳ್ಳತನ. ಇದನ್ನು ಬರೆದುಕೋ.

ಅಡ್ಜಸ್ಟ್ ಬೇಕಾದರೆ ಜಮಖಂಡಿ ಬಸ್ಸು ಹತ್ತು. ಮೊನ್ನೆ ಮೂವರ ಸೀಟಿಗೆ ತಾರವ್ವ ನಾಲ್ಕನೆಯವಳಾಗಿ ಬಂದು, “ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ” ಎಂದು ಕೂತಳು. ಆ ತುದಿಯಲ್ಲಿದ್ದ ಹಣಮಪ್ಪ ಜಾರಿ ಕೆಳಗೆ ಬಿದ್ದ.

“ನಾ ಎಲ್ಲಿ ಕೂಡ್ಲಿ ಬೇ?”

“ನೀ ನಿಂದ್ರಪಾ, ಇನ್ನಾ ಗಟ್ಟಿ ಅದೀ.”

ಸೆಟ್ಲ್ ಎನ್ನುವುದನ್ನು ನಿನ್ನ ಅಜ್ಜಿ ಕರೆವ್ವನಿಂದ ಕಲಿತೆ. ಅವಳ ತವರು ಬೀಳಗಿ ಕಡೆಯದು, ಹಿನ್ನೀರಿಗೆ ಹೋಯಿತು. ಅಳತೆಗೆ ಬಂದ ಸಾಹೇಬ, “ಚಿಂತಿ ಬ್ಯಾಡ್ರಿ ಅಜ್ಜಿ, ನಿಮ್ಮನ್ನೆಲ್ಲಾ ಸೆಟ್ಲ್ ಮಾಡ್ತೀವಿ” ಎಂದ. ಅಜ್ಜಿ ಕೇಳಿದಳು, “ಹೆಂಗ್ರೀ ಸಾಹೇಬ್ರ? ಕೊಡದಾಗಿನ ರಾಡಿ ತಳಕ್ಕ ಕುಂತಂಗೇನ್ರಿ?” ಅವನು ಹೂಂ ಎಂದು ಚಹಾ ಕುಡಿದು ಹೋದ.

ಕರೆಕ್ಷನ್ ನಿನಗೇ ಗೊತ್ತು. ರೇಶನ್ ಕಾರ್ಡಿನಲ್ಲಿ ಸೋಮವ್ವ ಹೋಗಿ ಸೋಮಪ್ಪ ಆಗಿತ್ತಲ್ಲ. ಹನ್ನೊಂದು ತಿಂಗಳು ತಿರುಗಿ ನಿಮ್ಮವ್ವನನ್ನು ಮತ್ತೆ ಹೆಣ್ಣು ಮಾಡಿಸಿದೆ. ಕಾರ್ಡು ಕೈಗೆ ಬಂದಾಗ ಅವಳು, “ಗಂಡಸಾಗೇ ಇರ್ತಿದ್ನೆಲ್ರಿ ಬಾವಾರ, ಅಡಗಿ ಮಾಡೂದರ ತಪ್ತಿತ್ತು” ಎಂದು ನಕ್ಕಳು. ನನ್ನ ತಮ್ಮ ಮಹಾಲಿಂಗ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದು ಸಲ.

ಈಗ ಚಾಳೀಸಿನ ಕಥೆ. ಮುಧೋಳದ ಕಣ್ಣಿನ ಡಾಕ್ಟರು ಒಂದೊಂದೇ ಗಾಜು ಬದಲಿಸುತ್ತ, “ಈಗ ಕ್ಲಿಯರ್ ಐತೇನ್ರಿ ಅಜ್ಜಾರ? ಈಗ?” ಎಂದು ಕೇಳಿದರು. ನನ್ನ ನಾಲಿಗೆಗೆ ಆ ಪದ ಬರುವುದಿಲ್ಲ. ಸುಮ್ಮನೆ ತಲೆಯಾಡಿಸಿದೆ. ಹೌದೆಂದು ತಿಳಿದು ಅದೇ ನಂಬರು ಬರೆದುಕೊಟ್ಟರು. ಅದನ್ನೇ ಹಾಕಿಕೊಂಡು ಎರಡು ವರ್ಷ ಕಳೆದೆ.

ನಿಮ್ಮಪ್ಪ ಹೋದ ಹೊಳೆದಂಡೆಯ ಆ ಹೊಲದಲ್ಲಿ ಕಬ್ಬು ಕಡಿದಿದ್ದಾಗ ನಾನು ಬೇಕಾದರೆ ಹತ್ತು ಸಲ ಹಾಯುತ್ತೇನೆ. ಕಬ್ಬು ಆಳೆತ್ತರ ಬಂತೆಂದರೆ ಆಗುವುದಿಲ್ಲ. ಒಳಗಿನಿಂದ ದನಿ ಬರುತ್ತದೆ. ಗಾಳಿಗೆ ಗರಿ ಸವರಿಕೊಳ್ಳುವ ಸದ್ದು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಗರಿಗೆ ‘ಅಣ್ಣಾ’ ಎನ್ನಲು ಬರುವುದಿಲ್ಲ. ಹದಿಮೂರು ವರ್ಷವಾಯಿತು. ನಿಲ್ಲುತ್ತೇನೆ, ಕೇಳುತ್ತೇನೆ, ಉತ್ತರ ಕೊಡುವುದಿಲ್ಲ.

ಪ್ರತಿ ವರ್ಷ ಅವನ ದಿನ ಬಂದಾಗ ನಿಮ್ಮವ್ವ ಫೋಟೋದ ಮುಂದೆ ಎಡೆ ಇಟ್ಟು ಬೈಯುತ್ತಾಳೆ: “ಒಂದ ಮಾತ ಕೇಳಿ ಹತ್ತಿದ್ರ ನಿನ್ನ ಗಂಟೇನ ಹೋಗ್ತಿತ್ತು?” ನಾನು ಪಕ್ಕದಲ್ಲೇ ಕೂತು ಅವಳು ಬಡಿಸಿದ ಹೋಳಿಗೆ ತಿನ್ನುತ್ತೇನೆ.

ಭಾಗ್ಯಾ, ಐದನೆಯ ಪದ ಬಿಟ್ಟುಬಿಡು. ನಾಲ್ಕು ಸಾಕು. ಬೀರಪ್ಪನ ಭಂಡಾರವನ್ನು ಚೀಟಿಯಲ್ಲಿ ಕಟ್ಟಿ ಇದರೊಳಗೆ ಇಟ್ಟಿದ್ದೇನೆ, ಪಾಠದ ದಿನ ಹಣೆಗೆ ಹಚ್ಚಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ದನಿ ನಲವತ್ತನೆಯವನ ತನಕ ಗಟ್ಟಿಯಾಗಿ ಮುಟ್ಟಲಿ. ಅಂಚೆಯವರನ್ನು ನಂಬದೆ ಕಂಡಕ್ಟರ್ ಗಿರಿಮಲ್ಲಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ದೊಡ್ಡಪ್ಪ,
ಲಗಮಣ್ಣ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಹರಿದೆ. ಸುಟ್ಟದ್ದನ್ನು ಒಳಗೇ ಬಿಟ್ಟು ಮೇಲೆ ಸುತ್ತಬಾರದೆಂದು ಮೇಲೆ ನಾನೇ ಬರೆದಿದ್ದೇನೆ.

ಆ ದಿನ ಗಾಳಿಗೆ ಕಬ್ಬಿನ ಹೊಲದ ಲೈನು ಕೆಟ್ಟಿತ್ತು, ದಂಡೆಯ ಶೆಡ್ಡಿನಲ್ಲಿ ಮೋಟರೂ ಕೆಟ್ಟಿತ್ತು. ಲೈನು ಲೈನ್‌ಮನ್ ಆದ ನಿಮ್ಮಪ್ಪನ ಕೆಲಸ, ಮೋಟರು ನನ್ನದು. ಶೆಡ್ಡಿನ ಪಕ್ಕದ ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತು ನನ್ನ ಕೈಯಲ್ಲಿ ಕೊಟ್ಟು ಕಬ್ಬಿನೊಳಗೆ ಹೋದ. ಸ್ವಲ್ಪ ಹೊತ್ತಿಗೆ “ಆತೋ ಅಣ್ಣಾ” ಎಂದು ಕೂಗಿದ. ನಾನು ಫ್ಯೂಜು ಹಾಕಿ ಮೋಟರು ಚಾಲೂ ಮಾಡಿದೆ. ನೀರು ಬಂತು. ಅಷ್ಟರಲ್ಲಿ ಅವನಿಗೆ ಮುಂದಿನ ಕಂಬದಲ್ಲಿ ಇನ್ನೊಂದು ತಂತಿ ಸಡಿಲಾದದ್ದು ಕಂಡಿರಬೇಕು. ಕಬ್ಬಿನ ಮರೆ, ಅವನು ನನಗೆ ಕಾಣಲಿಲ್ಲ. ಮೋಟರಿನ ಸದ್ದಿನಲ್ಲಿ ಮಾತಿನ ತುದಿಯಷ್ಟೇ ಕೇಳಿತು: “ಅಣ್ಣಾ… ಕ್ಲಿಯರ್ ಏನು?”

ಲೈನಿನವರಿಗೆ ಕ್ಲಿಯರ್ ಎಂದರೆ ತಂತಿಯಲ್ಲಿ ಕರೆಂಟಿಲ್ಲ, ಮುಟ್ಟಬಹುದು. ನಮ್ಮಂಥ ರಿಪೇರಿಯವರಿಗೆ ಕ್ಲಿಯರ್ ಎಂದರೆ ಕೆಟ್ಟದ್ದು ಸರಿಯಾಯಿತು. ಅವನು ನನ್ನ ಮೋಟರಿನ ಸುದ್ದಿ ಕೇಳುತ್ತಿದ್ದಾನೆ ಎಂದುಕೊಂಡೆ. ಹಿಗ್ಗಿನಲ್ಲಿ ಕೂಗಿದೆ: “ಕ್ಲಿಯರ್ ಲೇ, ಪೂರಾ ಕ್ಲಿಯರ್.”

ಪಂಚನಾಮೆಯವರು ಅವನು ಕೇಳಿ ಹತ್ತಿದನೇ ಎಂದು ನನ್ನನ್ನೇ ಕೇಳಿದರು. ಇಲ್ಲ ಎಂದೆ, ಸಹಿ ಮಾಡಿದೆ.

ಇಪ್ಪತ್ತನೇ ತಾರೀಕಿಗೆ ಮೊದಲು ಒಂದು ಸಲ ಊರಿಗೆ ಬಾ. ಈ ಪತ್ರವನ್ನು ನಿಮ್ಮವ್ವನಿಗೆ ಓದಿ ಹೇಳು. ಅವಳಿಗೆ ಅಕ್ಷರ ಬರುವುದಿಲ್ಲ, ನನಗೆ ಬಾಯಿ ಬರುವುದಿಲ್ಲ. ನಾನು ಅಂಗಳದಲ್ಲೇ ಕೂತಿರುತ್ತೇನೆ. ಆಮೇಲೆ ಹೋಗಿ ಐದನೆಯ ಪದದ ಪಾಠವನ್ನೂ ಮಾಡು. ಉದಾಹರಣೆ ಮಾತ್ರ ತಿದ್ದಿಕೋ: ನಿಮ್ಮಪ್ಪ ಕೇಳಿಯೇ ಹತ್ತಿದ.