ದೇವರು ಬಾರದ ದಿನದ ಹೇಳಿಕೆ

ಮೂಡಲಗಿ
ಜುಲೈ ೨೨, ಮಂಗಳವಾರ ಮುಂಜಾನೆ

ಪ್ರೀತಿಯ ಮೊಮ್ಮಗಳು ಮಾಯಾಳಿಗೆ,

ಅಜ್ಜ ಮಾಲಿಂಗಪ್ಪನ ಆಶೀರ್ವಾದ. ಹೇಗಿದ್ದೀಯವ್ವಾ? ಗ್ಲಾಸ್ಗೋದ ಥಂಡಿಗೆ ಹಿಡಿದ ಕೆಮ್ಮು ಹೋಯಿತೇ? ನಾನು ಕೊಟ್ಟ ಕಂಬಳಿಯನ್ನು ಕೋಣೆಯ ಗೋಡೆಗೆ ತೂಗುಹಾಕಿದ್ದೀಯಂತೆ. ಹುಚ್ಚೀ, ಕಂಬಳಿ ಇರುವುದು ಹೊದೆಯುವುದಕ್ಕೆ, ನೋಡುವುದಕ್ಕಲ್ಲ. ನನ್ನದು ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ನೆಟ್ಟಗಿದೆ. ಫೋನಿನಲ್ಲಿ ಮಾತಾಡಿದರೆ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ, ಅದಕ್ಕೇ ಬರೆದು, ನೀನು ಕಲಿಸಿದ ಹಾಗೆ ಕಾಗದದ ಫೋಟೋ ತೆಗೆದು ಕಳಿಸುತ್ತೇನೆ. ಓದಿ ಹೊಟ್ಟೆಯಲ್ಲಿ ಇಟ್ಟುಕೋ.

ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಕುರುಬರ ಹುಡುಗಿ ನಟನೆಯಲ್ಲಿ ಎಂ.ಎ. ಮಾಡಲು ಸಮುದ್ರ ದಾಟುತ್ತಾಳೆ ಎಂದಾಗ ಊರು ನಕ್ಕಿತು, ನಾನು ನಗಲಿಲ್ಲ. ಆಯ್ಕೆಗೆ ಏನಾದರೂ ಅಭಿನಯಿಸಿ ಕಳಿಸಬೇಕೆಂದು ನೀನು ಬೇವಿನ ಕೆಳಗೆ ನನ್ನೆದುರು ಕೂತು, "ಅಜ್ಜಾ, ಬೀರಪ್ಪ ನಿನ್ನ ಮೈಮ್ಯಾಗ ಬಂದಾಗ ಮೊದಲ ಏನ ನಡಗತೈತಿ? ನನಗಷ್ಟ ತೋರಸು" ಎಂದು ಕೇಳಿದ್ದೆಯಲ್ಲ. ಐವತ್ತು ವರ್ಷದ ಪೂಜಾರಿಕೆಯಲ್ಲಿ ದೇವರಿಲ್ಲದೆ ಒಮ್ಮೆಯೂ ಮೈ ಕುಣಿಸಿದವನಲ್ಲ ನಾನು. ಆದರೆ ಕೇಳಿದವಳು ನೀನು. ಮೊದಲು ಎಡ ಮೊಣಕಾಲು, ಆಮೇಲೆ ಉಸಿರು, ಕೊನೆಗೆ ಹೊಟ್ಟೆಯೊಳಗಿನ ದನಿ. ಡೊಳ್ಳಿಲ್ಲ, ಹಣೆಗೆ ಭಂಡಾರದ ಅರಿಶಿನವಿಲ್ಲ, ಹಾಡಹಗಲಲ್ಲಿ ತೋರಿಸಿಬಿಟ್ಟೆ. ನೀನು ಕಲಿತೆ, ನಿನಗೆ ಸೀಟು ಸಿಕ್ಕಿತು. ನಾನು ಮಾಡಿದ್ದನ್ನು ಬೇರೆ ಯಾರೂ ನೋಡಲಿಲ್ಲ.

ಅಂದಿನಿಂದ ಬೀರಪ್ಪ ನನ್ನ ಕಡೆ ತಿರುಗಿ ನೋಡಿಲ್ಲ. ಮಳೆಗಾಲಕ್ಕೆ ಹಿಂಡುಗಳನ್ನು ಯಾವ ಕಡೆ ಹೊಡೆಯಬೇಕೆಂದು ದೇವರ ಹೇಳಿಕೆ ಕೇಳಲು ಈ ಕಾರ ಹುಣ್ಣಿಮೆಗೂ ಜನ ಕೂಡಿದ್ದರು. ಡೊಳ್ಳು ಬಡಿದರು, ಹಣೆಗೆ ಭಂಡಾರ ಬಳಿದರು. ನನ್ನ ಮೈ ತಣ್ಣಗಿನ ಒಲೆಯ ಹಾಗೆ ಸುಮ್ಮನಿತ್ತು. ಅಷ್ಟು ಜನರ ಮುಂದೆ ಮಾನ ಹೋಗುತ್ತದೆಂದು ಹೆದರಿದೆ, ಮಾಯಾ. ನಿನಗೆ ತೋರಿಸಿದ್ದನ್ನೇ ಮಾಡಿದೆ. "ಮೂಡಲಕ್ಕ ಹೋಗಬ್ಯಾಡ್ರಿ, ಹೊಳಿದಂಡಿ ಬಿಡಬ್ಯಾಡ್ರಿ, ನಾ ಕಾಯತೇನಿ" ಎಂದಿತು ನನ್ನ ಬಾಯಿ. ಎಲ್ಲರೂ ನೆಲಕ್ಕೆ ಹಣೆ ಹಚ್ಚಿದರು. ಯಾಕೆ ಹಾಗೆಂದೆ ಗೊತ್ತೇ? ನೀನಂತೂ ದೂರ ಹೋದೆ, ನಿಮ್ಮಪ್ಪ ಭೀಮಶಿಯೂ ಎಂದಿನಂತೆ ನಾಲ್ಕು ತಿಂಗಳು ಮೂಡಲ ಕಡೆಯ ಒಣಸೀಮೆಗೆ ಹೋಗುವುದು ನನಗೆ ಬೇಡವಾಗಿತ್ತು. ಮುದುಕನ ಆಸೆಯನ್ನು ದೇವರ ಬಾಯಲ್ಲಿ ಹೇಳಿಸಿದೆ.

ಈಗ ಹದಿನೆಂಟು ಮನೆಯ ಕುರಿಗಳು ಹೊಳೆದಂಡೆಯಲ್ಲಿವೆ. ನಿಮ್ಮಪ್ಪ, ನಿಮ್ಮವ್ವ ಲಗಮವ್ವ ಅಲ್ಲೇ ಬಿಡಾರ ಹೂಡಿದ್ದಾರೆ. ಐದು ದಿನದಿಂದ ಪಡುವಣದ ಆಕಾಶ ತೆರವಾಗಿಲ್ಲ. ನಿನ್ನೆ ಹುಕ್ಕೇರಿಗೆ ಹೋಗಿ ಬಂದ ಪಕ್ಕದ ಮನೆಯ ಶೆಟ್ಟೆಪ್ಪ, "ಮ್ಯಾಲ ಡ್ಯಾಮ್ ತುಂಬೇತಿ ಕಾಕಾ, ಯಾವಾಗ ನೀರ ಬಿಡತಾರೋ ಹೇಳಾಕ ಬರಂಗಿಲ್ಲ" ಎಂದ. ನಮ್ಮ ಹೊಳೆಗೆ ಅಡ್ಡ ಕಟ್ಟಿದ ಧುಪದಾಳದ ಒಡ್ಡಿನ ಮೇಲೆ ನೀರು ಕೆಂಪಗೆ ಹಾರುತ್ತಿದೆಯಂತೆ. ಜೀಪಿಗೆ ಮೈಕು ಕಟ್ಟಿಕೊಂಡು ಬಂದವರು ದಂಡೆ ಬಿಡಿ ಎಂದು ಸಾರಿದರೆ, ನಮ್ಮವರು "ದೇವರ ಹೇಳ್ಯಾನ್ರಿ, ನಾವ ಏಳೂದಿಲ್ಲ" ಎಂದು ಅವರನ್ನೇ ಕಳಿಸಿದ್ದಾರೆ. ಬಿಡಾರದ ನಾಯಿಗಳು ಮಾತ್ರ ಎರಡು ದಿನದಿಂದ ದಿಬ್ಬ ಹತ್ತಿ ಕೂತಿವೆ. ರೊಟ್ಟಿ ತೋರಿಸಿ ಕರೆದರೂ ಇಳಿಯುತ್ತಿಲ್ಲ.

ಇನ್ನೊಮ್ಮೆ ಮೈ ಕುಣಿಸಿ ಅವರನ್ನು ಎಬ್ಬಿಸೋಣವೆಂದರೆ, ಕಾರ ಹುಣ್ಣಿಮೆ ಬಿಟ್ಟು ಬೇರೆ ದಿನ ಹೇಳಿಕೆಯಾದದ್ದು ನಮ್ಮಲ್ಲಿಲ್ಲ, ಯಾರೂ ಒಪ್ಪುವುದಿಲ್ಲ. ಇವತ್ತು ಹೋಗಿ ಖರೆ ಹೇಳಿಬಿಡುತ್ತೇನೆ. ಮನೆತನದ ಪೂಜಾರಿಕೆ ಹೋದರೆ ಹೋಗಲಿ. ನಿನ್ನ ಹೆಸರು ಮಾತ್ರ ಎತ್ತುವುದಿಲ್ಲ. ಹುಡುಗಿಯ ನಾಟಕದ ಹುಚ್ಚಿಗೆ ದೇವರು ಮುನಿದ ಎಂದು ಜನ ನಿನ್ನನ್ನು ಆಡಿಕೊಳ್ಳಬಾರದು. ಹೊತ್ತಿಗೆ ಸರಿಯಾಗಿ ಉಣ್ಣು. ಬೀರಪ್ಪ ನನ್ನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ಇಡದಿರಲಿ.

ನಿನ್ನ ದಾರಿ ನೋಡುವ,
ಅಜ್ಜ ಮಾಲಿಂಗಪ್ಪ

ತಾ.ಕ.: ಮಧ್ಯಾಹ್ನ ಎರಡು ಗಂಟೆ, ಹೊಳೆದಂಡೆಯಿಂದಲೇ ಬರೆಯುತ್ತಿದ್ದೇನೆ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಂದು ದೇವರು ಬಂದಿರಲಿಲ್ಲ, ನಾನೇ ನಟಿಸಿದೆ ಎಂದು ಎಲ್ಲರೆದುರು ಹೇಳಿದೆ, ಕೈ ಮುಗಿದು ಹೇಳಿದೆ. ಮಳೆಗೆ ಹೆದರಿ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡರು. ನಿಮ್ಮಪ್ಪ ನಕ್ಕು, "ಯಪ್ಪಾ, ನಾಟಕ ಮಾಡೂದು ನಿನ್ನ ಕೈಲೆ ಆಗೂದಿಲ್ಲ, ಸುಮ್ನ ಕೂಡು" ಎಂದ. ಡ್ಯಾಮಿನ ನೀರು ಬಿಟ್ಟಾಯಿತೆಂದು ಈಗಷ್ಟೇ ಜೀಪಿನವರು ಕೂಗಿ ಹೋದರು. ನಿನ್ನ ಹೆಸರು ಎತ್ತುವುದಿಲ್ಲವೆಂದು ಮುಂಜಾನೆ ಬರೆದದ್ದನ್ನು ಬಿಡು, ಜನ ಏನಾದರೂ ಅನ್ನಲಿ. ಇದನ್ನು ನೋಡಿದ ಕೂಡಲೇ ನಿಮ್ಮಪ್ಪನಿಗೆ ಫೋನ್ ಹಚ್ಚು. ಅಜ್ಜನಿಗೆ ನಟನೆ ಬರುತ್ತದೆ, ನನಗೆ ಕಲಿಸಿದವನೇ ಅವನು ಎಂದು ಹೇಳು.