ಹೊನ್ನೂರುಸ್ವಾಮಿಯ ಪಾಸ್‌ವರ್ಡ್

3 ಮಾರ್ಚ್ 2009, ಹೊಸಪೇಟೆ

ಪಕ್ಷದ ಆಫೀಸಿನಲ್ಲಿ ಮತ್ತೆ ಕ್ಲಾಸ್. ಆರ್ಕುಟ್ ಜಾಲತಾಣದಲ್ಲಿ ಕಾರ್ಯಕರ್ತರು ಹೇಗಿರಬೇಕು — ಹೆಂಗಸರ ಬಗ್ಗೆ ಹಗುರವಾಗಿ ಬರೆಯಬಾರದು, ಜಾತಿ ಎತ್ತಬಾರದು, ಪಕ್ಷಕ್ಕೆ ಮುಜುಗರ ತರಬಾರದು. ನಿಯಮ ಬರೆದವನೂ ನಾನೇ. ಎಲ್ಲರ ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡೆ. ಯಾಕೆಂದು ಒಬ್ಬನೂ ಕೇಳಲಿಲ್ಲ. ಕುರಿಗಳು.

ಯಶವಂತನಗರದ ಹೊನ್ನೂರುಸ್ವಾಮಿ, ಗಣಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಚೀಟಿ ಬರೆಯುವವನು, ಮಗಳು ಸುಕನ್ಯಾಳ ಹೆಸರನ್ನೇ ಪಾಸ್‌ವರ್ಡ್ ಆಗಿ ಇಟ್ಟುಕೊಂಡಿದ್ದಾನೆ. "ನಿಮ್ಮತ್ರ ಇದ್ರ ಸೇಫ್ ಬಿಡ್ರಿ ಸರ್" ಎಂದ.

11 ಮಾರ್ಚ್

ಹೊನ್ನೂರುಸ್ವಾಮಿ ಫೋಟೋ ಹಾಕಿದ್ದಾನೆ. ಕೊಡದಲ್ಲಿ ಕುಡಿಯುವ ನೀರು, ಅದಿರಿನ ಧೂಳಿಗೆ ಕೆಂಪಾಗಿದೆ. ಪಕ್ಷದ ಕಮ್ಯುನಿಟಿಯಲ್ಲಿ ನಲವತ್ತು ಜನ ಉತ್ತರ ಬರೆದಿದ್ದಾರೆ. ನನಗೆ ಯಾವತ್ತೂ ಮೂರು ದಾಟಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ.

ಆ ಗಣಿ ನಮ್ಮ ತಾಲ್ಲೂಕು ಅಧ್ಯಕ್ಷ ಅಂದಾನಪ್ಪನವರ ಭಾಮೈದನದು. ಅವರ ಫೋನ್ ಬಂತು: "ಮನೋಹರ್, ಜಲ್ದಿ ತೆಗಸ್ರಿ ಅದನ್ನ."

ಹೊನ್ನೂರುಸ್ವಾಮಿಗೆ ಹೇಳಿದೆ. "ಸುಳ್ಳಿದ್ರ ತೆಗಿತೀನ್ರಿ ಸರ್. ನೀವಾ ಬಂದು ನೋಡ್ರಿ."

ಇವನನ್ನು ಪಕ್ಷದಿಂದಲೇ ಹೊರಹಾಕಬೇಕು. ಆದರೆ ಫೋಟೋಗಾಗಿ ಉಚ್ಚಾಟಿಸಿದರೆ ನೀರಿನ ಮಾತು ಏಳುತ್ತದೆ. ಬೇರೆ ಕಾರಣ ಬೇಕು...

12 ಮಾರ್ಚ್, ಮಧ್ಯಾಹ್ನ

ಸೈಬರ್ ಕೆಫೆ. ಸುಕನ್ಯಾ ಎಂದು ಟೈಪ್ ಮಾಡಿದೆ, ತೆರೆದುಕೊಂಡಿತು. ಅವನ ಹೆಸರಿನಲ್ಲಿ ತಾಯಕ್ಕನ ಬಗ್ಗೆ ಬರೆದೆ. ಕಮಲಾಪುರದ ತಾಯಕ್ಕ, ಮಹಿಳಾ ಘಟಕದವಳು, ಅವನನ್ನು ಪಕ್ಷಕ್ಕೆ ಕರೆತಂದವಳು. ಏನು ಬರೆದೆ ಎಂಬುದನ್ನು ಇಲ್ಲಿ ಬರೆಯಲಾರೆ. ನಾಲ್ಕೇ ಸಾಲು. ಕೊನೆಗೆ ಅವನು ಯಾವಾಗಲೂ ಬರೆಯುವ ಹಾಗೆಯೇ 'ನಮಸ್ಕಾರ' ಸೇರಿಸಿದೆ. ನೀರಿನ ಫೋಟೋ ಅಳಿಸಿದೆ. ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆ. ರುಚಿಯಾಗಿತ್ತು.

16 ಮಾರ್ಚ್

ಶಿಸ್ತು ಸಮಿತಿ. ನಿಯಮ ಓದಿದವನು ನಾನು. ತಾಯಕ್ಕ ಹೊನ್ನೂರುಸ್ವಾಮಿಯ ಮುಖ ನೋಡಲಿಲ್ಲ. "ನನ್ ಸೊಸಿ ಓದ್ಯಾಳ ಅದನ್ನ" ಎಂದಳು, ಅಷ್ಟೇ.

"ನಾ ಬರದಿಲ್ಲಕ್ಕಾ..."

ಪಾಸ್‌ವರ್ಡ್ ಇನ್ಯಾರ ಹತ್ತಿರವಿತ್ತು ಎಂದು ಈಗಲೂ ಯಾರೂ ಕೇಳಲಿಲ್ಲ. ಚಹಾ ಕುಡಿಯುವಾಗ ಅಂದಾನಪ್ಪನವರು ಮೆಲ್ಲಗೆ, "ತಪ್ಪಾತು ಅಂತ ಅವನ ಕೈಲೆ ಬರಸ್ರಿ. ಒಪ್ಕಂಡಂಗ ಆಗ್ತೈತಿ. ಆಮ್ಯಾಲ ತೆಗ್ದು ಹಾಕಾಣ" ಎಂದರು.

21 ಮಾರ್ಚ್, ಬೆಳಿಗ್ಗೆ

ಕರೆಯುವ ಮೊದಲೇ ಹೊನ್ನೂರುಸ್ವಾಮಿ ಬಂದ. ವೇಬ್ರಿಡ್ಜ್ ಕೆಲಸದಿಂದಲೂ ಬಿಡಿಸಿದ್ದಾರಂತೆ.

"ಯಾರು ಬರದ್ರೋ ನನಗ ಬ್ಯಾಡ್ರಿ ಸರ್. ನನ್ ಹೆಸರ್ಲೆ ಬಂದೈತಿ, ನಾನಾ ತಪ್ಪಾತು ಅಂತೀನಿ. ಅಕ್ಕ ಮಾತಾಡಿದ್ರ ಸಾಕು. ನನಗ ಚಂದಾಗಿ ಬರಿಯಾಕ ಬರಲ್ಲ. ನೀವಾ ಬರ್ದು ಹಾಕ್ರಿ. ಪಾಸ್‌ವರ್ಡ್ ಐತಲ್ರಿ ನಿಮ್ಮತ್ರ."

ಮುಖವನ್ನೇ ದಿಟ್ಟಿಸಿ ನೋಡಿದೆ. ಅನುಮಾನ ಇಲ್ಲವೇ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅದೇ ದಿನ, 4 ಗಂಟೆ

ಬರೆದು ಓದಿ ಹೇಳಿದೆ. ಕಣ್ಣೊರೆಸಿಕೊಂಡ. "ಭಾಳ ಚಲೋ ಬರದ್ರಿ ಸರ್. ನಾನಾ ಬರ್ದಂಗ ಐತಿ."

ಹಾಕಿಬಿಟ್ಟೆ. ಅಂದಾನಪ್ಪನವರಿಗೆ ಎಸ್ಸೆಮ್ಮೆಸ್ ಹೋಯಿತು. ಈಗ ಉಚ್ಚಾಟನೆಯ ಪತ್ರ ಟೈಪ್ ಮಾಡಬೇಕು. ಅವನು ಮಾತ್ರ ಹೋಗಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ, ತಾಯಕ್ಕನ ಉತ್ತರಕ್ಕೆ. ಈಗಷ್ಟೇ ಬಾಗಿಲಲ್ಲಿ ಇಣುಕಿ ಕೇಳಿದ, "ಅಕ್ಕ ಏನರ ಬರದ್ಳೇನ್ರಿ ಸರ್?"

"ಇನ್ನೂ ಇಲ್ಲ, ಕೂತಿರು" ಎಂದು ಉಚ್ಚಾಟನೆಯ ಪತ್ರಕ್ಕೆ ಅವನ ಹೆಸರು ಟೈಪ್ ಮಾಡತೊಡಗಿದೆ.