ವಿಸ್ಕಾಚದ ಗುಡ್ಡೆ

ಮೆಂಡೋಸಾ ಮರಳುಗಾಡು, ಭಾನುವಾರ

ಅಕ್ಕಾ,

ಬೋರಲು ಮಲಗಿ ವಿಸ್ಕಾಚದ ಬಿಲಗಳ ಆಳ ಅಳೆದೂ ಅಳೆದೂ ಮೊಣಕೈ ಸುಲಿದುಹೋಗಿದೆ. ನೂರಾ ಹನ್ನೊಂದು ಬಿಲ ಆಯಿತು, ಈ ಸಂಶೋಧನೆ ನಡೆಸುವ ಎಲ್ವಿರಾ ಮೇಡಂಗೆ ಇನ್ನೂ ಸಾಲದು.

ಮಾಟೆ ಕಷಾಯ ಹೀರಲು ನೀನು ಕೊಟ್ಟಿದ್ದ ಅಪ್ಪನ ಬೆಳ್ಳಿ ಕೊಳವೆಯನ್ನು ತೊಳೆದು ಕಲ್ಲಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ಇರಲಿಲ್ಲ. ದಣಿದು ತಲೆ ಕೆಟ್ಟಿತ್ತು. ನಮಗೆ ಜಾಗ ಕೊಟ್ಟಿರುವ ಮೇಕೆ ಕಾಯುವ ಫಾಕುಂದೊ ಅಜ್ಜನಿಗೆ, "ನೀನೇ ಕದ್ದಿದೀಯ ಮುದುಕಾ" ಅಂದುಬಿಟ್ಟೆ.

"ಇಲ್ಲಿ ಏನಾದ್ರೂ ಕಳೆದ್ರೆ ಮೊದ್ಲು ವಿಸ್ಕಾಚದ ಗುಡ್ಡೆ ನೋಡ್ತೀವಿ ಕಣಪ್ಪಾ. ಮನುಷ್ಯರ ಮುಖ ನೋಡೋದು ಆಮೇಲೆ," ಅಂದ.

ಮೇಡಂ, "ಎರಡು ತಿಂಗಳಿಂದ ಬಿಲ ಎಣಿಸ್ತಿದೀಯ, ಇಷ್ಟೂ ಗೊತ್ತಾಗ್ಲಿಲ್ವೇನೋ?" ಎಂದರು.

ನಿಜ. ದಪ್ಪ ಮೊಲದಂಥ ಆ ಪ್ರಾಣಿ ಸಿಕ್ಕಿದ್ದನ್ನೆಲ್ಲ ಎಳೆದು ತಂದು ಬಿಲದ ಬಾಯಲ್ಲಿ ಗುಡ್ಡೆ ಹಾಕುತ್ತದೆ. ಮೂವತ್ತೇಳನೇ ಬಿಲದ ಮುಂದೆ ಮೂಳೆ, ಒಣ ಸಗಣಿ, ನಾನೇ ನೆಟ್ಟಿದ್ದ ನಂಬರಿನ ಗೂಟಗಳ ನಡುವೆ ಕೊಳವೆ ಬಿದ್ದಿತ್ತು.

ಆಮೇಲೆ ಮೂರು ದಿನ ಅಜ್ಜ ಕಷಾಯದ ಒಂದೇ ಸೋರೆಬುರುಡೆಯನ್ನು ಸರದಿಯಂತೆ ಕೂತವರಿಗೆಲ್ಲ ಕೊಟ್ಟ, ನನ್ನೊಬ್ಬನನ್ನು ಬಿಟ್ಟು. ಓಡಿಬರೋಣ ಅನ್ನಿಸಿತ್ತು. ಇವತ್ತು ಎದ್ದು ಹೋಗಿ, ಬುರುಡೆಯಿಂದ ಅವನ ತಗಡಿನ ಕೊಳವೆ ತೆಗೆದು ಅಪ್ಪನದನ್ನು ಇಟ್ಟೆ. "ಇನ್ಮೇಲೆ ಇದು ನಿಂದೇ ಅಜ್ಜಾ," ಅಂದೆ. ಅವನು ಹೀರಿ ಮುಗಿಸಿ, ಮತ್ತೆ ಬಿಸಿನೀರು ಹುಯ್ದು, ನನ್ನ ಕಡೆ ಚಾಚಿದ.

"ಕುಡಿಯೋ. ಕಳ್ಳ ಕೊಡ್ತಾವ್ನೆ."

ಕೊಳವೆ ಇನ್ನು ಮನೆಗೆ ಬರುವುದಿಲ್ಲ, ಬೈಯಬೇಡ. ಕೆಮ್ಮು ಕಡಿಮೆಯಾಗಿದೆ. ಟಪಾಲು ಒಯ್ಯುವ ಜೀಪು ಹಾರ್ನ್ ಹೊಡೆಯುತ್ತಿದೆ.

ನಿನ್ನ ತಮ್ಮ,
ಲಿಸಾಂದ್ರೊ